ನಮ್ಮ ವರ್ಕ್‌ಶಾಪಿನ ಮಾಲು ಸೇನೆಗೆ ಬೇಕಾ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್‌ಗಳು, ಎರಡು ಸಿಎನ್‌ಸಿ, ಒಂದು ವಿಎಂಸಿ, ಜೊತೆಗೆ ಎಂಟು ಜನ. ಹದಿನೈದು ವರ್ಷದಿಂದ ಬೇರೆಯವರ ಡ್ರಾಯಿಂಗಿಗೆ ಜಾಬ್ ವರ್ಕ್ ಮಾಡಿ ಸಾಕಾಗಿದೆ. ಸೇನೆಗೆ ಸ್ವಂತದ್ದೇನಾದರೂ ಮಾಡಿಕೊಡಬೇಕು ಅಂತ ಆಸೆ. ಸೇನೆಗೆ ಹೊಸದೇನಾದರೂ ಮಾಡಿಕೊಡುವವರಿಗೆ ರಕ್ಷಣಾ ಇಲಾಖೆ ಅನುದಾನ ಕೊಡುವ ಯೋಜನೆ, ಐಡೆಕ್ಸ್ ಅಂತಾರಲ್ಲ, ಅದೆಲ್ಲ ಐಐಟಿ ಹುಡುಗರಿಗೆ ಮಾತ್ರ ಅಲ್ವಾ?

ಉತ್ತರ: ಅಲ್ಲ ಸಾರ್. ನಿಮ್ಮಂಥ ಸಣ್ಣ, ಮಧ್ಯಮ ಉದ್ಯಮಗಳೂ (ಎಂಎಸ್‌ಎಂಇ) ಅರ್ಜಿ ಹಾಕಬಹುದು, ಕಂಪನಿಯೇ ಇಲ್ಲದೆ ಒಬ್ಬರೇ ಕೂತು ಏನೋ ಕಂಡುಹಿಡಿದವರೂ ಹಾಕಬಹುದು. ಇನ್ನೊಂದು ವಿಷಯ ಗೊತ್ತಾ? ಐಡೆಕ್ಸ್ ನಡೆಸುವ ಸಂಸ್ಥೆಯನ್ನು ಕಟ್ಟಿದ್ದೇ ನಮ್ಮ ಎಚ್‌ಎಎಲ್ ಮತ್ತು ಬಿಇಎಲ್. 2018ರ ಆಗಸ್ಟ್‌ನಲ್ಲಿ ಮೊದಲ ಸುತ್ತಿನ ಸವಾಲುಗಳನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಬಿಇಎಲ್ ಇರುವ ಜಾಲಹಳ್ಳಿ ನಿಮಗೆ ಎಷ್ಟು ದೂರ ಹೇಳಿ!

ಕೆಲಸ ನಡೆಯುವುದು ಹೀಗೆ. ಭೂಸೇನೆ, ನೌಕಾಪಡೆ, ವಾಯುಪಡೆ ತಮ್ಮ ಕಷ್ಟ ಏನು ಅಂತ ಬರೆದು ಪ್ರಕಟಿಸುತ್ತವೆ. ಅದಕ್ಕೆ ನಿಮ್ಮ ಬಳಿ ಏನು ಉಪಾಯ ಇದೆ ಅಂತ ನೀವು ಹೇಳಬೇಕು. ಆಯ್ಕೆಯಾದರೆ 1.5 ಕೋಟಿ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ, 2024ರಲ್ಲಿ ಬಂದ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ.

ಈ ಅಂಕಿ ನೋಡಿ ಈಗಲೇ ಹೊಸ ಮೆಷಿನ್‌ಗೆ ಅಡ್ವಾನ್ಸ್ ಕೊಡಬೇಡಿ. ಖರ್ಚಿನಲ್ಲಿ ಅರ್ಧ ಸರ್ಕಾರದ್ದಾದರೆ ಇನ್ನರ್ಧ ನಿಮ್ಮದು. ಅವರು ಕೊಡುವುದೂ ಕಂತಿನಲ್ಲಿ, ಇಷ್ಟು ಕೆಲಸ ಆಯಿತು ಅಂತ ತೋರಿಸಿದ ಮೇಲೆ. ಮಧ್ಯೆ ನಾಲ್ಕು ತಿಂಗಳು ಕೈಗೆ ಕಾಸು ಬರಲಿಲ್ಲ ಅಂದುಕೊಳ್ಳಿ, ಆ ಎಂಟು ಜನರ ಸಂಬಳ, ಕರೆಂಟ್ ಬಿಲ್, ಶೆಡ್ಡಿನ ಬಾಡಿಗೆ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಿಮ್ಮ ಬಳಿ ಲೆಕ್ಕ ಇರಲೇಬೇಕು. ಐಡಿಯಾ ಇಲ್ಲದೆ ಸೋತವರಿಗಿಂತ ಕಾಯಲಾಗದೆ ಸೋತವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಹಾಗಾಗಿ ಜಾಬ್ ವರ್ಕ್ ನಿಲ್ಲಿಸಬೇಡಿ. ಅದನ್ನು ಬೈದುಕೊಂಡೇ ಮಾಡಿ.

ಆಮೇಲೆ ಟೆಸ್ಟಿಂಗ್. ಸೇನೆಯ ಎಲೆಕ್ಟ್ರಾನಿಕ್ ಸಾಮಾನಿಗೆ ಜೆಎಸ್‌ಎಸ್ 55555 ಅಂತ ಒಂದು ಮಾನದಂಡ ಇದೆ, ಐದು ಐದುಗಳು. ಬಿಸಿ, ಚಳಿ, ಧೂಳು, ಉಪ್ಪಿನ ಗಾಳಿ, ಅದುರಾಟ, ಎಲ್ಲಕ್ಕೂ ಪರೀಕ್ಷೆ. ಬೂಷ್ಟಿಗೂ ಒಂದು ಪರೀಕ್ಷೆ! ಮಳೆಗಾಲದಲ್ಲಿ ಚರ್ಮದ ಚಪ್ಪಲಿ ಮೇಲೆ ಬರುತ್ತಲ್ಲ, ಅದೇ ಬೂಷ್ಟು. ಪರಿಚಯದವರೊಬ್ಬರು ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿದ್ದರು. ಟೇಬಲ್ ಮೇಲೆ ಮೂರು ತಿಂಗಳು ಚಕಾರ ಎತ್ತದೆ ಓಡಿದ್ದು, ಅದುರಿಸುವ ಮೆಷಿನ್ ಮೇಲೆ ಇಟ್ಟು ಇಪ್ಪತ್ತು ನಿಮಿಷ ಆಗಿರಲಿಲ್ಲ, ಒಳಗೆ ಒಂದು ಸ್ಕ್ರೂ ಸಡಿಲವಾಗಿ ಕನೆಕ್ಟರ್ ಕಳಚಿಕೊಂಡಿತು. ಒಂದು ತೊಟ್ಟು ಅಂಟು ಹಾಕಿದ್ದರೆ ಮುಗಿಯುತ್ತಿತ್ತು. ಲ್ಯಾಬಿನಲ್ಲಿ ಮತ್ತೆ ಸ್ಲಾಟ್ ಸಿಗುವಷ್ಟರಲ್ಲಿ ಆರು ವಾರ. ನೀವು ಲೋಹದ ಜೊತೆ ಬದುಕಿದವರು, ಸ್ಕ್ರೂ ಯಾವಾಗ ಕೈಕೊಡುತ್ತದೆ ಅನ್ನುವುದು ಲ್ಯಾಪ್‌ಟಾಪ್ ಮುಂದೆ ಕೂತವರಿಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂಥ ಒಬ್ಬ ಎಲೆಕ್ಟ್ರಾನಿಕ್ಸ್ ಹುಡುಗನ ಜೊತೆ ಸೇರಿ ಅರ್ಜಿ ಹಾಕಿದರೆ ಇಬ್ಬರಿಗೂ ಒಳ್ಳೆಯದು.

ನನ್ನನ್ನು ಕೇಳಿದರೆ ನಿಮಗೆ ಮೊದಲ ಮೆಟ್ಟಿಲು ಐಡೆಕ್ಸ್ ಅಲ್ಲ, ಸೃಜನ್ ಪೋರ್ಟಲ್. 2020ರಲ್ಲಿ ರಕ್ಷಣಾ ಇಲಾಖೆ ಶುರು ಮಾಡಿದ್ದು. ಹೊರದೇಶದಿಂದ ತರಿಸುತ್ತಿರುವ ಬಿಡಿಭಾಗಗಳ ಪಟ್ಟಿ ಅಲ್ಲಿದೆ, ಇದನ್ನು ಇಲ್ಲೇ ಯಾರಾದರೂ ಮಾಡಿಕೊಡುತ್ತೀರಾ ಅಂತ ಕೇಳುತ್ತಾರೆ. ಸೀಲು, ಬುಷ್, ವಾಲ್ವ್ ಥರದ್ದು. ಪೇಪರಿನಲ್ಲಿ ಫೋಟೋ ಬರುವಂಥ ಕೆಲಸ ಅಲ್ಲ. ಆದರೆ ಡ್ರಾಯಿಂಗ್ ಇಲ್ಲದ ಹಳೇ ಬಿಡಿಭಾಗವನ್ನು ಅಳೆದು, ಲೋಹ ಯಾವುದು ಅಂತ ಪತ್ತೆ ಹಚ್ಚಿ, ಅದೇ ಬಾಳಿಕೆ ಬರುವಂತೆ ಮಾಡುವುದು ಸುಮ್ನೆ ಅಲ್ಲ. ನನ್ನ ಪ್ರಕಾರ ಅದೂ ಹೊಸ ಶೋಧವೇ.

ಉದ್ಯಮ್ ನೋಂದಣಿ, ಅಂದರೆ ಎಂಎಸ್‌ಎಂಇ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಇಲ್ಲದಿದ್ದರೆ ಇವತ್ತೇ ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಮಾಲು ತೆಗೆದುಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ನಿಮ್ಮಂಥ ಸಣ್ಣ ಘಟಕಕ್ಕೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಬಿಲ್ಲು ಬಾಕಿ ಉಳಿದಾಗ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡುವುದಕ್ಕೂ ಆ ನೋಂದಣಿಯೇ ಬೇಕು.

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಕೊನೆಯ ವರ್ಷದ ಎಂಜಿನಿಯರಿಂಗ್ ಓದುತ್ತಿರುವ ನಾಲ್ವರು. ಡ್ರೋನ್ ಮಾಡಿದ್ದೇವೆ, 40 ನಿಮಿಷ ಹಾರುತ್ತದೆ. ಸೇನೆಗೆ ಮಾರಬಹುದಾ?

ಉತ್ತರ: 40 ನಿಮಿಷ ಅಂದರೆ ಭೇಷ್. ಈಗ ಅದರ ಹೊಟ್ಟೆ ಬಿಚ್ಚಿ ನೋಡಿ. ಮೋಟಾರ್ ಎಲ್ಲಿಯದು, ಡ್ರೋನಿನ ಮಿದುಳು ಅನ್ನಬಹುದಾದ ಫ್ಲೈಟ್ ಕಂಟ್ರೋಲರ್ ಎಲ್ಲಿಯದು, ರೇಡಿಯೊ ಎಲ್ಲಿಯದು? 2022ರಲ್ಲಿ ಸರ್ಕಾರ ವಿದೇಶಿ ಡ್ರೋನ್ ಆಮದು ನಿಲ್ಲಿಸಿತು, ಬಿಡಿಭಾಗಗಳನ್ನು ನಿಲ್ಲಿಸಲಿಲ್ಲ. ಹಾಗಾಗಿ ಚೀನಾದ ಬಿಡಿಭಾಗ ತಂದು ಜೋಡಿಸಿ ಸ್ವದೇಶಿ ಅಂತ ಸ್ಟಿಕರ್ ಅಂಟಿಸುವವರು ಬೇಕಾದಷ್ಟಿದ್ದಾರೆ. ಸೇನೆಗೂ ಇದು ಗೊತ್ತಾಗಿದೆ. ಚೀನಾದ ಬಿಡಿಭಾಗಗಳ ಕಾರಣಕ್ಕೆ 400 ಡ್ರೋನ್‌ಗಳ ಗುತ್ತಿಗೆಯನ್ನೇ ರದ್ದು ಮಾಡಿದ ಸುದ್ದಿ 2025ರಲ್ಲಿ ಬಂತು. ನಾಲ್ವರೂ ಸೇರಿ ಇನ್ನೊಂದು ಡ್ರೋನ್ ಮಾಡುವ ಬದಲು, ಒಂದು ಫ್ಲೈಟ್ ಕಂಟ್ರೋಲರನ್ನು ಬೋರ್ಡಿನಿಂದ ಕೋಡಿನವರೆಗೆ ಸ್ವಂತದ್ದು ಮಾಡಿ. ಆಗ ಡ್ರೋನ್ ಮಾಡುವ ಇತರರೇ ನಿಮ್ಮ ಗಿರಾಕಿಗಳಾಗುತ್ತಾರೆ.

ಪ್ರಶ್ನೆ: ಎರಡು ಲಕ್ಷ ಕೊಟ್ಟರೆ ಐಡೆಕ್ಸ್ ಗ್ರಾಂಟ್ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ನಮ್ಮ ಬಾವನ ಹಿಂದೆ ಬಿದ್ದಿದ್ದಾರೆ. ಕೊಡಬಹುದಾ? (ತುಮಕೂರಿನಿಂದ)

ಉತ್ತರ: ಬೇಡ. ಅರ್ಜಿ ಆನ್‌ಲೈನ್, ಬಾವನೇ ಹಾಕಬಹುದು. ಉದ್ಯಮ್ ನೋಂದಣಿಯೂ ಪುಕ್ಕಟೆ. ತಜ್ಞರ ಸಮಿತಿ ಮುಂದೆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬಾವ, ಆ ಮಹಾಶಯ ಅಲ್ಲ. ಕೊಟ್ಟಾಗಿದ್ದರೆ ರಸೀದಿ ಕೇಳಿ ನೋಡಿ, ಮರುದಿನದಿಂದ ಫೋನ್ ಎತ್ತುವುದಿಲ್ಲ.