ಗದಗಿನಿಂದ ಬೆಂಗಳೂರು ಕಾಮಿಕ್ ಕಾನ್‌ಗೆ ಹೋಗಿ ಟೇಬಲ್ ಹಾಕಿದ್ರ ವರ್ಕ್‌ಔಟ್ ಆಗ್ತದೇನ್ರಿ? ಭಾಗ 1 ಎಷ್ಟು ಕಾಪಿ ಹಾಕಿಸ್ಬೇಕು?

ಗದುಗಿನ ಭಾರತಾನ ಕಾಮಿಕ್ಸ್ ಮಾಡ್ತೀನಿ, ಹತ್ತು ಪರ್ವ, ಹತ್ತು ಪುಸ್ತಕ, ಮೊದಲನೇದು ಆದಿಪರ್ವ, ಫುಲ್ ಕಲರ್, ಐನೂರು ಹಾಕಿಸ್ಲೋ ಸಾವಿರ ಹಾಕಿಸ್ಲೋ, ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್ ಮೇಳದಾಗ ಟೇಬಲ್ ಪೂರ್ತಿ ತಗೊಳ್ಳೋದೋ ಶೇರ್ ಮಾಡೋದೋ ಅಂತ ಕೇಳೀರಿ. ಓದಿ ನನಗ ಸುಮ್ನ ಕೂಡೂದಾಗ್ಲಿಲ್ಲ, ಯಾಕಂದ್ರ ಇದ ಪ್ರಶ್ನೆ ಹಿಡ್ಕೊಂಡು ನಾನೂ ನಿಮ್ಮ ಊರಿನ ಪ್ರೆಸ್ಸಿನ ಬಾಗಲಾಗ ನಿಂತಿದ್ದೆ. ಐನೂರೂ ಬ್ಯಾಡ, ಸಾವಿರಾನೂ ಬ್ಯಾಡ. ಭಾಗ 1 ಅನ್ನೋದ ಬ್ಯಾಡ.

ನಾನು ಹುಬ್ಬಳ್ಳಿಯಂವ. ಕೋವಿಡ್‌ಗಿಂತ ಮೊದಲಿನ ಮಾತು. ನನ್ನ ಕಥಿ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿಂದು, ಅಲ್ಲಿ ಹಮಾಲಿ ಮಾಡೋನ ಮಗಳೊಬ್ಬಾಕಿ ರಾತ್ರಿ ಗೋದಾಮಿನ್ಯಾಗ ನಡಿಯೋ ಕಳ್ಳತನದ ಬೆನ್ನ ಹತ್ತತಾಳ. ಎಂಟು ಭಾಗಕ್ಕ ಪ್ಲ್ಯಾನ್ ಮಾಡಿದ್ದೆ. ಮೊದಲ ಭಾಗ ಮುಗಿಸಾಕ ಒಂದ ವರ್ಷದ ಮ್ಯಾಲ ಹಿಡೀತು, ಹಗಲೆಲ್ಲಾ ಡಿಟಿಪಿ ಕೆಲಸ, ರಾತ್ರಿ ಚಿತ್ರ. ಗದಗ-ಬೆಟಗೇರಿ ಮೊದಲಿಂದ್ಲೂ ಪ್ರಿಂಟಿಂಗಿಗೆ ಹೆಸರಾದ ಊರು, ಹುಬ್ಬಳ್ಳಿಗಿಂತ ರೇಟೂ ಹೊಂದತಿತ್ತು, ಅಲ್ಲೇ ಹಾಕಿಸಿದೆ. 32 ಪುಟ, ಆರ್ಟ್ ಪೇಪರ್, ನಾಕು ಬಣ್ಣ, 500 ಕಾಪಿ. ಎರಡು ಡಬ್ಬಿ ಕಟ್ಕೊಂಡು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಗಾಗೋದ್ರಾಗ ಬೆಂಗಳೂರು, ಅಲ್ಲಿಂದ ಕಾನ್ ನಡಿಯೋ ವೈಟ್‌ಫೀಲ್ಡಿನ ಕೆಟಿಪಿಒ ಹಾಲ್ ತನಕ ಕ್ಯಾಬು. (ನಿಮಗ ಅಷ್ಟು ತ್ರಾಸ ಇಲ್ಲ, 2023ರಿಂದ ಮೆಟ್ರೋ ವೈಟ್‌ಫೀಲ್ಡ್ ತನಕ ಹೋಗ್ತದ.)

ಒಳಗ ಹೋದ್ರ ಜಗತ್ತ ಬ್ಯಾರೆ. ಈ ಕಾಮಿಕ್ ಕಾನ್ 2011ರಾಗ ದಿಲ್ಲಿಯೊಳಗ ಶುರುವಾಗಿದ್ದು, ಬೆಂಗಳೂರಿಗೆ ಮರುವರ್ಷನ ಬಂತು, ಹಂಗಾಗಿ ಅಲ್ಲಿಯ ಮಂದಿಗೆ ಇದು ಹಬ್ಬ ಇದ್ದಂಗ. ಕಾಸ್‌ಪ್ಲೇ ಅಂದ್ರ ಕಾಮಿಕ್ಸ್ ಪಾತ್ರದ ವೇಷ ಹಾಕ್ಕೊಂಡು ಬಂದ ಹುಡುಗ್ರು ಹುಡುಗೇರು, ಅನಿಮೆ ಅಂದ್ರ ಜಪಾನಿ ಕಾರ್ಟೂನಿನ ಟೀ-ಶರ್ಟು, ಆಕ್ಷನ್ ಫಿಗರ್ರು, ದೊಡ್ಡ ದೊಡ್ಡ ಸ್ಟಾಲಿನ ಮುಂದ ಮಾರುದ್ದ ಕ್ಯೂ. ನಮ್ಮಂಥೋರು ಕೂಡೂದು ಆರ್ಟಿಸ್ಟ್ ಆಲಿ ಅಂತ ಒಂದ ಕಡೆ, ಟೇಬಲ್‌ಗೆ ಟೇಬಲ್ ಹಚ್ಚಿರ್ತಾರ. ಮಂದಿ ನಡಕೊಂತ ಬರ್ತಾರ, ನಿಮ್ಮ ಮುಂದ ನಿಲ್ಲೋದು ನಾಕೈದು ಸೆಕೆಂಡು. ಅಷ್ಟರಾಗ ಕಣ್ಣಿಗೆ ಏನರ ಬಿದ್ರ ಪುಸ್ತಕ ಕೈಯಾಗ ತಗೋತಾರ.

ನನ್ನ ಪುಸ್ತಕ ಕೈಯಾಗ ತಗೊಂಡ್ರು. ಭಾಳ ಮಂದಿ ತಗೊಂಡ್ರು, ಅದನ್ನ ನೀವು ತಿಳ್ಕೊಬೇಕು, ಯಾಕಂದ್ರ ಕನ್ನಡ ಕಾಮಿಕ್ಸ್ ಅಲ್ಲಿ ಯಾರೂ ಮುಟ್ಟಂಗಿಲ್ಲ ಅಂತ ನಿಮಗ ಯಾರೋ ಹೇಳ್ಯಾರಂತ ಬರ್ದೀರಲ್ಲ, ಅದು ಸುಳ್ಳು. ವೈಟ್‌ಫೀಲ್ಡಿನ್ಯಾಗ ಐಟಿ ಕೆಲಸ ಮಾಡೋ ರಾಣೆಬೆನ್ನೂರು, ಲಕ್ಷ್ಮೇಶ್ವರ, ಕಲಘಟಗಿ ಹುಡುಗ್ರು ಒಂದ ಬಲೂನ್, ಅಂದ್ರ ಪಾತ್ರದ ಮಾತು ಬರಿಯೋ ಗುಳ್ಳಿ, ಓದಿ ನಿಂತ ಬಿಟ್ರು, ‘ಅಣ್ಣಾ, ಇದು ನಮ್ಮ ಮಾತಲ್ಲೋ’ ಅಂದ್ರು. ಅವ್ರಾಗ ಒಬ್ಬಂವ ನಿಂತಲ್ಲೇ ಇಡೀ ಪುಸ್ತಕ ಓದಿದ. ಕಡೀ ಪುಟದಾಗ ಆ ಹುಡುಗಿ ಗೋದಾಮಿನ ಶಟರ್ ಎತ್ತತಾಳ, ಕೆಳಗ ‘ಮುಂದುವರೆಯುವುದು’. ಮುಂದಿಂದು ಎಲ್ಲೈತಿ ಅಂತ ಟೇಬಲ್ ಮ್ಯಾಲೆಲ್ಲಾ ಕಣ್ಣಾಡ್ಸಿದ. ಮುಂದಿನ ವರ್ಷ ಅಂದೆ. ಪುಸ್ತಕ ಮೆಲ್ಲಕ ಇಟ್ಟು, ‘ಹಂಗಾರ ಎರಡೂ ಕೂಡೇ ತಗೋತೀನಿ ಬಿಡ್ರಿ’ ಅಂದು ಹೋದ. ಎರಡೂ ದಿನ ಇದ ನಡೀತು. ಚಿತ್ರ ಹಿಡಿಸಿತ್ತು, ಭಾಷಾ ಹಿಡಿಸಿತ್ತು, ರೊಕ್ಕಾನೂ ಜಾಸ್ತಿ ಅನ್ನಲಿಲ್ಲ. ಮುಗಿದಿಲ್ಲ ಅನ್ನೋದೊಂದಕ್ಕ ಬಿಟ್ಟು ಹೋದ್ರು.

ಇಲ್ಲಿಗ ಮುಗಿದಿದ್ರ ಅಡ್ಡಿ ಇರಲಿಲ್ಲ. ನಾನು ಏನ್ ತಿಳ್ಕೊಂಡೆ ಅಂದ್ರ, ಸರಿ, ಭಾಗ 2 ತಂದ್ರ ಎರಡೂ ಹೋಗ್ತಾವು. ಇದ ನೋಡ್ರಿ ನನ್ನ ತಪ್ಪು, ಇದನ್ನ ಬಿಡಿಸಿ ಹೇಳಬೇಕು. ಭಾಗ 1 ನೂರು ಮಂದಿ ಕೊಂಡ್ರು ಅಂತ ಇಟ್ಕೊಳ್ರಿ. ಕಾನ್ ವರ್ಷಕ್ಕೊಮ್ಮೆ. ಅವರಾಗ ಕಾಲೇಜ್ ಮುಗಿಸಿ ಊರು ಬಿಟ್ಟೋರು, ಆ ವಾರ ಡ್ಯೂಟಿ ಇದ್ದೋರು, ಮರತೇ ಬಿಟ್ಟೋರು, ಅಷ್ಟೂ ಕಳದ್ರ ಇಪ್ಪತ್ತು ಮಂದಿ ತಿರುಗಿ ನಿಮ್ಮ ಟೇಬಲ್‌ಗೆ ಬಂದ್ರ ದೊಡ್ಡ ಮಾತು. ಉಳಿದೋರೆಲ್ಲಾ ಹೊಸಬರು. ಹೊಸಬರಿಗೆ ಭಾಗ 2 ಬರೇ ತಗೊಂಡು ಉಪಯೋಗ ಇಲ್ಲ, ಎರಡೂ ತಗೋಬೇಕು, ಅಂದ್ರ ನಿಮ್ಮ ಪುಸ್ತಕದ ರೇಟು ತಾನ ಡಬಲ್ ಆತು, ಮತ್ತ ಅಷ್ಟು ಕೊಟ್ರೂ ಕಥಿ ಮುಗಿಯಂಗಿಲ್ಲ. ಭಾಗ 3 ಬಂದಾಗ ತ್ರಿಬಲ್. ಅತ್ತ ಪ್ರೆಸ್ಸಿನ್ಯಾಗ ಏನಾಗ್ತೈತಿ? ಆಫ್‌ಸೆಟ್ ಅಂದ್ರ ಬಣ್ಣಕ್ಕೊಂದು ಪ್ಲೇಟು, ಕಲರ್ ಪುಸ್ತಕಕ್ಕ ಹಾಳಿಯ ಒಂದೊಂದು ಮಗ್ಗಲಕ್ಕ ನಾಕು ಪ್ಲೇಟು, ಆ ಖರ್ಚು ನೂರು ಹಾಕ್ಸಿದ್ರೂ ಅಷ್ಟ, ಸಾವಿರ ಹಾಕ್ಸಿದ್ರೂ ಅಷ್ಟ. ಅದಕ್ಕ ಪ್ರೆಸ್ಸಿನೋರು ‘ಇನ್ನ ಐನೂರು ಸೇರ್ಸಿದ್ರ ಕಾಪಿಗೆ ಭಾಳ ಕಡಿಮಿ ಬೀಳತೈತಿ’ ಅಂತಾರ, ಅವರ ಲೆಕ್ಕ ಅವರಿಗೆ ಖರೇನ. ಆದ್ರ ನಿಮ್ಮ ಭಾಗ 2ಕ್ಕ ಗಿರಾಕಿ ಭಾಗ 1ಕ್ಕಿಂತ ಕಡಿಮಿ, ಭಾಗ 3ಕ್ಕ ಇನ್ನೂ ಕಡಿಮಿ, ಕಾಪಿ ಇಳದಂಗ ಒಂದೊಂದರ ಖರ್ಚು ಏರ್ತದ. ಇದರ ಮ್ಯಾಲ ಭಾಗ 1 ಸ್ಟಾಕ್ ಯಾವಾಗ್ಲೂ ಇಟ್ಕೊಂಡಿರಬೇಕು, ಅದು ಖಾಲಿ ಆದ ದಿನ ಉಳಿದ ಎಲ್ಲಾ ಭಾಗಾನೂ ಸತ್ತಂಗ. ಮತ್ತೊಂದು ಯಾರೂ ಹೇಳದ ಮಾತು: ಎರಡು ವರ್ಷದಾಗ ನಿಮ್ಮ ಕೈ ಸುಧಾರಿಸಿರ್ತದ, ಆದ್ರ ಹೊಸ ಓದುಗ ಮೊದಲು ತೆಗೆಯೋದು ನಿಮ್ಮ ಹಳೇ ಚಿತ್ರ. ನಿಮ್ಮ ಎಲ್ಲಾಕ್ಕಿಂತ ಸಪ್ಪನ ಕೆಲಸ ಬಾಗಲ ಕಾಯಾಕ ನಿಂತಿರ್ತೈತಿ.

ಭಾಗ 2 ಪ್ರೆಸ್ಸಿಗೆ ಹೋತು, ಭಾಗ 3 ಪೆನ್ಸಿಲ್‌ನ್ಯಾಗ ನಿಂತು ಬಿಡ್ತು. ಆ ಹುಡುಗಿ ಶಟರ್ ಎತ್ತಿ ಒಳಗ ಏನ್ ಕಂಡ್ಲು ಅನ್ನೋದು ಇವತ್ತಿಗೂ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ, ಇದರ ಬ್ಯಾನಿ ರೊಕ್ಕ ಹೋಗಿದ್ದಕ್ಕಿಂತ ದೊಡ್ಡದು.

ಅದ ಟೇಬಲ್ ಮ್ಯಾಲ ಖಾಲಿ ಆಗಿದ್ದು ಏನು ಗೊತ್ತೇನ್ರಿ? ಎ4 ಹಾಳಿ ಒಂದ ಮಗ್ಗಲ ಪ್ರಿಂಟ್ ತಗದು, ಮಡಚಿ, ನಡುವ ಒಂದ ಕತ್ತರಿ ಹೊಡದ್ರ ಎಂಟು ಪುಟದ ಚಿಕ್ಕ ಪುಸ್ತಕ ಆಗ್ತದಲ್ಲ, ಅದು. ಹುಬ್ಬಳ್ಳಿ ಸಿಟಿ ಬಸ್ಸಿನ್ಯಾಗ ಅಜ್ಜಿ ಒಬ್ಬಾಕಿ ಕಂಡಕ್ಟರ್ ಜೋಡಿ ಚಿಲ್ಲರಕ್ಕ ವಾದ ಮಾಡೋ ಕಥಿ, ಎಂಟು ಪುಟಕ್ಕ ಮುಗೀತು. 20 ರೂಪಾಯಿ. ಟೇಬಲ್ ಖಾಲಿ ಕಾಣಬಾರ್ದು ಅಂತ ಹಿಂದಿನ ದಿನ ಝೆರಾಕ್ಸ್ ಅಂಗಡ್ಯಾಗ ಮಾಡ್ಕೊಂಡು ಹೋಗಿದ್ದೆ. ಓದಿ ನಕ್ಕು ಎರಡು ತಗೊಂಡೋರೂ ಇದ್ರು. ಅದರ ಜೋಡಿ ಹತ್ತು ನಿಮಿಷದಾಗ ಮುಖ ಬರದು ಕೊಡೋದು, ಅದು ಟೇಬಲ್ ಬಾಡಿಗಿ ಎತ್ತಿ ಕೊಡ್ತು. ಫ್ಯಾನ್ ಆರ್ಟ್, ಅಂದ್ರ ಹೆಸರಾದ ಕ್ಯಾರೆಕ್ಟರ್‌ಗಳ ಚಿತ್ರ, ಹಾಕ್ರಿ, ಅದ ಹೋಗೋದು ಅಂತ ಎಲ್ಲಾರೂ ಹೇಳ್ತಾರ. ನಾ ಒಪ್ಪಂಗಿಲ್ಲ. ಮಂದೀದು ಕ್ಯಾರೆಕ್ಟರ್, ಮಂದೀದು ಕಾಪಿರೈಟು, ಮನಿಗೆ ಹೋದ ಮ್ಯಾಲ ಆ ಪ್ರಿಂಟ್ ನೋಡಿ ಅವ್ರು ನೆನೆಸೋದು ನರುಟೋ ಅನ್ನೋ ಅನಿಮೆ ಹೀರೋನ್ನ, ನಿಮ್ಮನ್ನಲ್ಲ.

ಆಮ್ಯಾಲೆ 2023ರ ಜನವರಿ ಒಳಗ ಹಾವೇರಿಗೆ 86ನೇ ಸಾಹಿತ್ಯ ಸಮ್ಮೇಳನ ಬಂತಲ್ಲ, ಗೆಳೆಯಾಂದು ಬುಕ್‌ಸ್ಟಾಲ್ ಇತ್ತು, ಅದರಾಗ ಒಂದ ಮೂಲಿ ಕೇಳ್ಕೊಂಡೆ. ಈ ಸಲ 24 ಪುಟ, ಬ್ಲ್ಯಾಕ್ ಅಂಡ್ ವೈಟ್, ಒಂದ ಬಣ್ಣ ಅಂದ್ರ ಒಂದ ಪ್ಲೇಟು, ಕವರ್ ಅಷ್ಟ ಕಲರ್, 50 ರೂಪಾಯಿ, ಪೂರ್ತಿ ಮುಗಿದ ಕಥಿ. ಅಲ್ಲಿ ಕಾಸ್‌ಪ್ಲೇ ಇಲ್ಲ, ಧೂಳು, ಬಿಸಿಲು, ಕೈಚೀಲ ಹಿಡದ ಸಾಲಿ ಮಾಸ್ತರ್ರು, ಮೊಮ್ಮಕ್ಕಳನ್ನ ಕರ್ಕೊಂಡು ಬಂದ ಅಜ್ಜಾರು. ಅವ್ರು ಮೊದಲ ಪುಟ ನೋಡಂಗಿಲ್ಲ, ಕಡೀ ಪುಟ ತೆಗೆದು ನೋಡ್ತಾರ, ಕಥಿ ಮುಗದೈತೇನ ಅಂತ, ಆಮ್ಯಾಲೆ ರೊಕ್ಕ ತೆಗೀತಾರ. ತಂದ ಡಬ್ಬಿ ಖಾಲಿ ಆತು. ಅದಕ್ಕ ಹೇಳೋದು, ಕಾನ್ ಒಂದ ಗುರಿ ಅಂತ ಇಟ್ಕೋಬ್ಯಾಡ್ರಿ. ಧಾರವಾಡದ ಕೃಷಿ ಮೇಳ, ಸಮ್ಮೇಳನ, ನಿಮ್ಮೂರ ತೋಂಟದಾರ್ಯ ಮಠದ ಜಾತ್ರಿ, ಇವೂ ಕಾನ್‌ನ, ಮತ್ತ ಇಲ್ಲಿ ನಿಮ್ಮ ಭಾಷಾ ಓದೋರು ಹೆಚ್ಚು.

ಇದು ಹೊಸ ವಿದ್ಯಾ ಏನಲ್ಲ. ಅಮರ ಚಿತ್ರಕಥೆ ಇಡೀ ದೇಶಕ್ಕ ಗೊತ್ತಾಗೋಕ್ಕಿಂತ ಮೊದಲು, 1965ರಾಗ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಕೈಯಿಂದ ಅದರ ಮೊದಲ ಹತ್ತು ಪುಸ್ತಕ ಬಂದಿದ್ದು ಕನ್ನಡದಾಗ. ಮುಂದ ಮನಿಮನಿಗೆ ಹೋಗಿದ್ದು 32 ಪುಟದ ಪುಸ್ತಕ, ಒಂದ ಕೈಯಾಗ ಹಿಡದು ಒಂದ ಕೂಡಿಕ್ಯಾಗ ಮುಗಿಸೋವು. ಮಹಾಭಾರತಾನ 42 ಭಾಗದಾಗ ಅವರೂ ತಂದ್ರು, ಆದ್ರ ಅದು 80ರ ದಶಕದಾಗ, ಬಿಡಿ ಕಥಿ ರಾಶಿ ರಾಶಿ ಮಾರಿ ಓದುಗರನ್ನ ಗಳಿಸಿದ ಮ್ಯಾಲ. ನೀವು ನಲವತ್ತೆರಡಕ್ಕ ಮೊದಲ ಕೈ ಹಾಕಾಕ ಹೊಂಟೀರಿ.

ನಿಮ್ಮ ಊರಾಗ ಗಮಕ ಕೇಳಿರ್ತೀರಲ್ಲ? ಗಮಕಿಗಳು ಒಂದ ಸಂಜಿಗೆ ಆದಿಪರ್ವದ ಮೊದಲ ಪದ್ಯದಿಂದ ಹಿಡದು ನಡೀರಿ ಅನ್ನಂಗಿಲ್ಲ. ಒಂದ ಪ್ರಸಂಗ ಎತ್ಕೋತಾರ, ಅದನ್ನ ಮುಗಿಸಿ ಏಳ್ತಾರ. ದೊಡ್ಡಾಟದೋರೂ ಹಂಗ. ಇಡೀ ಭಾರತ ಕೇಳೋರ ತಲ್ಯಾಗ ಆಗ್ಲೇ ಐತಿ, ಹಂಗಾಗಿ ನಡುವಿಂದ ತಗೊಂಡ್ರೂ ಯಾರೂ ಎಡವಂಗಿಲ್ಲ. ನಂದು ಹೊಸ ಕಥಿ, ನನಗ ಈ ಅನುಕೂಲ ಇರಲಿಲ್ಲ, ನಿಮಗ ಐತಿ. ಹತ್ತೂ ಪುಸ್ತಕ ಮಾಡ್ರಿ, ಖಂಡಿತ ಮಾಡ್ರಿ, ಆದ್ರ ಒಂದೊಂದೂ ತನ್ನಷ್ಟಕ್ಕ ಮುಗಿಲಿ, ಮುಖಪುಟದ ಮ್ಯಾಲ ನಂಬರ್ ಬ್ಯಾಡ.

ಇನ್ನ ನೀವು ಕೇಳಿದ ಉಳಿದದ್ದು. ಮೊದಲ ಸಲ 200 ಕಾಪಿ ಸಾಕು, ಡಿಜಿಟಲ್ ಹಾಕಿಸ್ರಿ, ಅದಕ್ಕ ಪ್ಲೇಟಿನ ಖರ್ಚಿಲ್ಲ, ಹೋದ್ರ ಮತ್ತ ಹಾಕಿಸಬಹುದು. ಟೇಬಲ್ ಶೇರ್ ಮಾಡ್ರಿ, ರೊಕ್ಕಕ್ಕಲ್ಲ, ಒಬ್ಬರ ಇದ್ರ ಊಟಕ್ಕ ಏಳೋದಾಗಂಗಿಲ್ಲ. ಹಾಲ್ ತುಂಬಿದಾಗ ನೆಟ್‌ವರ್ಕ್ ಜಾಮ್ ಆಗಿ ಯುಪಿಐ ನಿಲ್ತದ, ಹತ್ತು ಇಪ್ಪತ್ತರ ಚಿಲ್ಲರ ಇಟ್ಕೊಳ್ರಿ. ಪ್ರೆಸ್ಸಿಗೆ ಫೈಲ್ ಕೊಡೋವಾಗ ಅಕ್ಷರ ಎಲ್ಲಾ ಕರ್ವ್ಸ್, ಅಂದ್ರ ಫಾಂಟ್ ಬೇಕಾಗದ ಚಿತ್ರದ ಗೆರಿ, ಮಾಡೇ ಕೊಡ್ರಿ, ನೀವು ಯುನಿಕೋಡ್‌ನ್ಯಾಗ ಹೊಡದಿರ್ತೀರಿ, ಅಲ್ಲಿ ನುಡಿ ಅಥವಾ ಶ್ರೀಲಿಪಿಯಂಥ ಬ್ಯಾರೆ ಕನ್ನಡ ಸಾಫ್ಟ್‌ವೇರ್ ಇರ್ತದ, ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗ್ತಾವ. ನನ್ನ ಕೇಳಿದ್ರ ಬಲೂನಿನ ಮಾತು ಕೈಲೆ ಬರೀರಿ, ಭಾಮಿನಿ ಷಟ್ಪದಿ ಸಾಲಿಗೆ ಫಾಂಟ್ ಜೀವ ಕೊಡಂಗಿಲ್ಲ.

ಆದಿಪರ್ವ ಬಿಡ್ರಿ ಸದ್ಯಕ್ಕ, ವಂಶಾವಳಿ ಬರದು ಬರದು ಅರ್ಧ ಪುಸ್ತಕ ಹೋಗ್ತದ. ವಿರಾಟಪರ್ವದ ಉತ್ತರಕುಮಾರನ್ನ ತಗೊಳ್ರಿ. ಹೆಂಗಸರ ಮುಂದ ಪೌರುಷ ಕೊಚ್ಚಿಕೊಳ್ಳೋದು, ಬೃಹನ್ನಳೆ ಸಾರಥಿ ಆಗೋದು, ಕೌರವರ ಸೇನಾ ಕಂಡಕೂಡ್ಲೆ ರಥದಿಂದ ಧುಮುಕಿ ಓಡೋದು, ಬೃಹನ್ನಳೆ ಬೆನ್ನಟ್ಟಿ ಹಿಡದು ತರೋದು, ಬನ್ನಿ ಗಿಡ, ಇಂವ ಅರ್ಜುನ ಅಂತ ಗೊತ್ತಾಗೋದು. ಅಲ್ಲಿಗೆ ನಿಲ್ಲಸ್ರಿ, ಯುದ್ಧ ಬ್ಯಾರೆ ಪುಸ್ತಕ. 24 ಪುಟದಾಗ ಸರಿಯಾಗಿ ಕೂಡ್ತದ. ಓಡೋ ಚಿತ್ರ 12-13ನೇ ಪುಟಕ್ಕ ಬರೋ ಹಂಗ ಹೊಂದಿಸ್ರಿ, ನಡುವ ಪಿನ್ ಹೊಡಿಯೋ ಪುಸ್ತಕದಾಗ ಆ ಎರಡು ಪುಟ ಅಷ್ಟ ಒಂದ ಹಾಳಿ ಮ್ಯಾಲ ಒಟ್ಟಿಗೆ ಬರ್ತಾವ, ಚಿತ್ರ ನಡುವ ಕಡಿಯಂಗಿಲ್ಲ. ಎಡಕ್ಕ ಇಡೀ ಕೌರವ ಸೇನಾ, ಬಲಕ್ಕ ತುದಿಯಾಗ ಓಡೋ ಹುಡುಗ, ನಡುವ ಪೂರ್ತಿ ಖಾಲಿ ಬಯಲು, ಒಂದೂ ಬಲೂನ್ ಇಲ್ಲದ.