ಪ್ರತಿಕ್ರಿಯೆ: ಎಸ್‌ಬಿಎಫ್ ದ್ರಾವಣ ಬೆಳ್ಳಗಾಗುವುದೇಕೆ?

ಮೂಳೆಖನಿಜದ ಪರೀಕ್ಷೆಗೆ ಎಸ್‌ಬಿಎಫ್ (ರಕ್ತದ ದ್ರವಭಾಗದ ಅಯಾನುಗಳನ್ನು ಹೋಲುವ ಕೃತಕ ದೇಹದ್ರವ) ತಯಾರಿಸುವಾಗ, ಪಿಎಚ್ ಏರಿಸಿ ಸ್ಥಿರವಾಗಿಡುವ ಟ್ರಿಸ್ ಪುಡಿ ಹಾಕುತ್ತಿದ್ದಂತೆ ದ್ರಾವಣ ಹಾಲಿನಂತಾಗುತ್ತದೆ ಎಂದಿದ್ದೀರಿ. ನನ್ನ ಅನುಮಾನ ಪಿಎಚ್ ಮೇಲೆ. ಪುಡಿಯನ್ನು ಒಟ್ಟಿಗೆ ಸುರಿದರೆ ಅದು ಬಿದ್ದ ಜಾಗದಲ್ಲಿ ಪಿಎಚ್ ದಿಢೀರನೆ ಏರಿ ಕ್ಯಾಲ್ಸಿಯಂ ಫಾಸ್ಫೇಟ್ ಅಲ್ಲೇ ಘನವಾಗಿ ಬೇರ್ಪಡುತ್ತದೆ. ಚಿಟಿಕೆ ಚಿಟಿಕೆಯಾಗಿ ಹಾಕಿ. ಪೂರ್ತಿ ಕರಗಿ ಪಿಎಚ್ ಸ್ಥಿರವಾದ ಮೇಲಷ್ಟೇ ಮುಂದಿನದು. ಗುರಿ 36.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 7.40, 7.45 ದಾಟಲೇಬಾರದು. ತಣ್ಣಗಾದಷ್ಟೂ ಟ್ರಿಸ್‌ನ ಪಿಎಚ್ ಏರುವುದರಿಂದ ಕೋಣೆಯ ಉಷ್ಣತೆಯಲ್ಲಿ ಅಳೆದ ಅಂಕಿಯನ್ನು ನಂಬಬೇಡಿ.

ಕ್ಯಾಲ್ಸಿಯಂ ಕ್ಲೋರೈಡ್ ಹಾಕುವ ಮೊದಲೇ ಲೀಟರಿಗೆ 39 ಮಿ.ಲೀ.ನಷ್ಟು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿರಬೇಕು. ಗಾಜಿನ ಬೀಕರ್ ಬೇಡ, ಅದರ ಗೀರುಗಳಲ್ಲಿ ಅಪಟೈಟ್ (ಮೂಳೆಯಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಹರಳು ಹುಟ್ಟಿಕೊಳ್ಳುತ್ತದೆ. ನುಣುಪಾದ ಪ್ಲಾಸ್ಟಿಕ್ ಪಾತ್ರೆಯೇ ಸರಿ. ಬೆಳ್ಳಗಾದದ್ದನ್ನು ಸೋಸಿ ಬಳಸುವ ಆಸೆ ಬಿಡಿ, ಅಯಾನುಗಳ ಪ್ರಮಾಣ ಆಗಲೇ ಕೆಟ್ಟಿರುತ್ತದೆ.