ನಮ್ಮೂರ ಪಂಚಾಯಿತಿ ಗ್ರಂಥಾಲಯ ಮಕ್ಕಳಿಗೆ ಮಾತ್ರಾನಾ, ದೊಡ್ಡವರೂ ಹೋಗಬಹುದಾ?

ಖಂಡಿತ ಹೋಗಬಹುದು. ಮಕ್ಕಳ ಹೆಸರು ಜಾಸ್ತಿ ಕೇಳಿಬರುವುದಕ್ಕೆ ಕಾರಣ ‘ಓದುವ ಬೆಳಕು’ ಕಾರ್ಯಕ್ರಮ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ಇದು ಶುರುವಾಯಿತು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕ ಮನೆಗೆ ಬಂದರೆ ಅದನ್ನು ಮಗು ಒಂದೇ ಓದುವುದಿಲ್ಲ ಅಲ್ವಾ? ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದರೆ ಅಕ್ಷರ ಬಾರದವರಿಗೂ ಕಥೆ ತಲುಪುತ್ತದೆ. ನನಗೆ ಇದೇ ದೊಡ್ಡ ಲಾಭ ಅನಿಸುತ್ತದೆ.

ಈಗ ಈ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ ಎನ್ನುತ್ತಾರೆ. ದಿನಪತ್ರಿಕೆ, ಪರೀಕ್ಷೆ ತಯಾರಿಯ ಪುಸ್ತಕಗಳಿಗಾಗಿ ದೊಡ್ಡವರೂ ಬರುತ್ತಾರೆ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ, ಹಾಗಾಗಿ ಸಂಕೋಚ ಬೇಡ. ಬೇಕಾದ ಪುಸ್ತಕ ಸಿಗದಿದ್ದರೆ ಮೇಲ್ವಿಚಾರಕರನ್ನು ಕೇಳಿ.